ತಿರುವಿನ ಕಲ್ಲುಬೆಂಚು

ಆ ಬೆಳಗ್ಗೆ ಹಾಲಿಗೆಂದು ಹೊರಟ ಟಪಾಲಣ್ಣ ಖಾಲಿ ಪಾತ್ರೆ ಹಿಡಿದು ಮನೆಗೆ ಮರಳಿದ್ದಕ್ಕೆ ಕಾರಣ, ತಿರುವಿನ ದೀಪದ ಕಂಬಕ್ಕೆ ಅಂಟಿಸಿದ್ದ ಒಂದು ನೋಟೀಸು.

'ಚರಂಡಿ ಕಾಮಗಾರಿಯ ನಿಮಿತ್ತ ಇಲ್ಲಿನ ಕಲ್ಲುಬೆಂಚನ್ನು ಈ ದಿನ ಸಂಜೆ ನಾಲ್ಕಕ್ಕೆ ತೆಗೆಯಲಾಗುವುದು. ತಕರಾರಿದ್ದವರು ಮಧ್ಯಾಹ್ನ ಮೂರು ಗಂಟೆಯೊಳಗೆ ಬಡಾವಣೆಯ ಪರಿಚಯ ಹಾಗೂ ಬೆಂಚಿನ ಚರಿತ್ರೆ ಬರೆದು ವಾರ್ಡ್ ಕಚೇರಿಗೆ ಕೊಡತಕ್ಕದ್ದು.' ಅದರ ಬುಡಕ್ಕೇ ಮೆತ್ತಿಕೊಂಡಿತ್ತು ದರ್ಜಿಯ ಚೀಟಿ: 'ಹಳೆಯ ಕೋಟು ಹೊಸದಾಗುವುದು, ಒಮ್ಮೆ ಬನ್ನಿ.' ಬಡಾವಣೆಯ ಯಾವ ಕಂಬವನ್ನೂ ದರ್ಜಿ ಬರಿಮೈಯಲ್ಲಿ ಬಿಟ್ಟವನಲ್ಲ.

ಅದು ರಾಜಧಾನಿಯದೇ ಬಡಾವಣೆ. ಆದರೆ ರಾಜಧಾನಿಗೆ ಅದರ ನೆನಪಾಗುತ್ತಿದ್ದದ್ದು ಮಳೆ ನೀರು ನಿಂತಾಗ ಮಾತ್ರ. ಏಳು ಓಣಿ, ಒಂದು ಬೇಕರಿ, ಬಣ್ಣ ಮಾಸಿದ ಮೂರಂತಸ್ತಿನ ಮನೆಗಳು, ಕಿಟಕಿಯಿಂದ ಕಿಟಕಿಗೆ ಬಟ್ಟೆ ಒಣಹಾಕುವ ಹಗ್ಗ. ಆ ಏಳು ಓಣಿಗಳಲ್ಲಿ ಮೂವತ್ತು ವರ್ಷ ಟಪಾಲು ಹಂಚಿ ನಿವೃತ್ತನಾದವನು ಟಪಾಲಣ್ಣ. ನಡುಹಗಲಾಯಿತೆಂದರೆ ಚೀಲ ಇಳಿಸಿ ತಿರುವಿನ ಬೆಂಚಿನ ಮೇಲೆ ಕೂರುತ್ತಿದ್ದ. ಓದು ಬಾರದವರು ಸುತ್ತ ನೆರೆಯುತ್ತಿದ್ದರು. ಅವರವರ ಕಾಗದ ಓದಿ ಹೇಳುತ್ತಿದ್ದ. ಮಗ ಪಾಸಾದದ್ದು, ಮಗಳು ಹೆತ್ತದ್ದು, ತಾಯಿ ತೀರಿಕೊಂಡದ್ದು, ಎಲ್ಲವನ್ನೂ ಆ ಕಲ್ಲು ಕೇಳಿತ್ತು. ಒಳ್ಳೆಯ ಸುದ್ದಿಯಾದರೆ ಜನ ಕುಣಿಯುತ್ತಿದ್ದರು. ಕೆಟ್ಟದ್ದಾದರೆ ಅವನು ತುಸು ಸರಿದು ಪಕ್ಕದಲ್ಲಿ ಜಾಗ ಕೊಡುತ್ತಿದ್ದ.

ಈಗ ಕಾಗದ ಬರೆಯುವವರೂ ಇಲ್ಲ, ಓದಿಸಿಕೊಳ್ಳುವವರೂ ಇಲ್ಲ. ಬೆಂಚು ಮಾತ್ರ ಇತ್ತು. ಅದೂ ಹೋಗುವುದೆಂದರೆ?

ಟಪಾಲಣ್ಣ ಮನೆಯಿಂದ ಕಾಗದ ಪೆನ್ನು ತಂದು, ಅದೇ ಬೆಂಚಿನ ಮೇಲೆ ಕೂತು, ದೇವರನ್ನು ನೆನೆದು, ಇದ್ದದ್ದನ್ನು ಇದ್ದಹಾಗೆ ಬರೆಯತೊಡಗಿದ. 'ನಲವತ್ತು ವರ್ಷದ ಹಿಂದೆ ಇಲ್ಲಿನ ಲಾಂಡ್ರಿ ಮುಚ್ಚಿದಾಗ, ಅಲ್ಲಿನ ಬಟ್ಟೆ ಒಗೆಯುವ ಕಲ್ಲನ್ನು ನಾನೂ ದರ್ಜಿಯ ಅಪ್ಪನೂ ಎಳೆತಂದು ಈ ತಿರುವಿನಲ್ಲಿ ಹಾಕಿದೆವು...'

"ಅಯ್ಯೋ, ನಿಲ್ಸಿ ನಿಲ್ಸಿ!" ಹೆಗಲ ಮೇಲಿಂದ ಇಣುಕಿದ ದರ್ಜಿ ಕೂಗಿದ. "ಒಗೆಯೋ ಕಲ್ಲು ಅಂದ್ರೆ ಮೂರು ಗಂಟೆಗೇ ಬಂದು ಜಲ್ಲಿ ಮಾಡಿಬಿಡ್ತಾರೆ. ನೂರು ವರ್ಷದ್ದು ಅಂತ ಹಾಕಿ ಟಪಾಲಣ್ಣ."

"ನಿಮ್ಮಪ್ಪಾನೇ ಎಳೆದದ್ದು ಕಣೋ!"

"ಅಪ್ಪ ಹೋಗಿ ಹತ್ತು ವರ್ಷ ಆಯ್ತು. ಎದ್ದು ಬಂದು ಸಾಕ್ಷಿ ಹೇಳ್ತಾನಾ?"

ಅಷ್ಟರಲ್ಲಿ ಟಪಾಲಣ್ಣನಿಗೆ ಅಕ್ಷರ ಕಲಿಸಿದ ಮೇಷ್ಟ್ರು ಊರುಗೋಲು ಟಕಟಕಿಸುತ್ತ ಬಂದರು. ಪೆನ್ನು ಕಾಗದ ಎಲ್ಲಿ ಕಂಡರೂ ತಿದ್ದದೆ ಬಿಡುವ ಜೀವವಲ್ಲ ಅದು. "ಏನಯ್ಯಾ ನೂರು ವರ್ಷ? ಜಿಪುಣತನ ಯಾಕೆ? ಐನೂರು ಅಂತ ಬರಿ. ಈ ನಗರ ಕಟ್ಟಿಸಿದ ದೊರೆ ಇದರ ಮೇಲೇ ಕೂತು ನಕ್ಷೆ ಬರೆಸಿದ."

"ಕೂತದ್ದಕ್ಕೆ ಗುರುತೇನು ಮೇಷ್ಟ್ರೇ?" ದರ್ಜಿ ಕೇಳಿದ.

"ನಡುವೆ ಹೇಗೆ ಸವೆದಿದೆ ನೋಡು! ಸಾಮಾನ್ಯರು ಕೂತರೆ ಹೀಗೆ ಸವೆಯುತ್ತೇನಯ್ಯಾ?"

ಸವೆಸಿದ್ದು ಲಾಂಡ್ರಿಯ ದುಪ್ಪಟಿಗಳೆಂದು ಟಪಾಲಣ್ಣನಿಗೆ ಗೊತ್ತು. ಆದರೆ ಮೇಷ್ಟ್ರ ಮುಂದೆ ಅವನ ನಾಲಿಗೆ ಇಂದಿಗೂ ಮೂರನೇ ಕ್ಲಾಸು ದಾಟಿರಲಿಲ್ಲ.

ಊಟದ ಡಬ್ಬಿ ತಂದ ತಂಗಿ ಓದಿ ನೋಡಿ ಮುಖ ಸಿಂಡರಿಸಿದಳು. "ದೊರೆ ಒಬ್ಬನೇ ಕೂತ್ನಾ ಅಣ್ಣಾ? ಮೂರು ಜನ ಹಿಡಿಸೋ ಬೆಂಚು ಇದು. ರಾಣಿ ಎಲ್ಲಿ ಹೋದ್ಲು?"

ಕಾಗದದಲ್ಲಿ ರಾಣಿಯೂ ಬಂದು ಕೂತಳು. ಮಿಕ್ಕ ಜಾಗ ಖಾಲಿ ಬಿಡಬಾರದೆಂದು ಮಂತ್ರಿಯೂ ಬಂದ.

ಮೂವತ್ತು ವರ್ಷದಲ್ಲಿ ಯಾರ ಕಾಗದಕ್ಕೂ ಒಂದಕ್ಷರ ಕೂಡಿಸದ, ಒಂದಕ್ಷರ ಕಳೆಯದ ಕೈ ಅದು. 'ಮೇಲಿನದೆಲ್ಲ ಸತ್ಯ' ಎಂಬಲ್ಲಿ ಸಹಿ ಹಾಕುವಾಗ ಬೇಸಿಗೆಯ ಮಣ್ಣಿನ ಗಡಿಗೆಯ ಹಾಗೆ ಬೆವರಿತು. 'ತಂದೇ, ಈ ಸುಳ್ಳು ನನಗಾಗಿ ಅಲ್ಲ, ಕಲ್ಲಿಗಾಗಿ' ಎಂದು ಕಣ್ಣು ಮುಚ್ಚಿ ಗೀಚಿದ. ಮೂರಕ್ಕೆ ಐದು ನಿಮಿಷ ಇರುವಾಗ, ಒಂದು ಚಪ್ಪಲಿ ದಾರಿಯಲ್ಲೇ ಬಿಟ್ಟು, ಕಚೇರಿಗೆ ಮುಟ್ಟಿಸಿದ.

ನಾಲ್ಕಕ್ಕೆ ಲಾರಿ ಬಂತು. ಅದರ ಹಿಂದೆ ಕಾರಿನಲ್ಲಿ ವಾರ್ಡ್ ಕಚೇರಿಯ ಮೇಡಂ ಬಂದರು. ಕೈಯಲ್ಲಿ ಟಪಾಲಣ್ಣನ ಕಾಗದ, ಕಣ್ಣಲ್ಲಿ ನೀರು.

"ಇದನ್ನ ಬರೆದವರು ಯಾರು?"

ಎಲ್ಲರೂ ಸೇರಿ ಟಪಾಲಣ್ಣನನ್ನು ಮುಂದಕ್ಕೆ ದೂಡಿದರು.

"ನಮ್ಮ ಕಣ್ಣು ತೆರೆಸಿದ್ರಿ ಸ್ವಾಮಿ! ಐನೂರು ವರ್ಷದ ರಾಜಪೀಠ ಬೀದೀಲಿ ಬಿಸಿಲು ಮಳೆಗೆ ಬಿದ್ದಿರೋದಾ? ಈಗಲೇ ವಸ್ತುಸಂಗ್ರಹಾಲಯಕ್ಕೆ ಸಾಗಿಸ್ತೀವಿ. ಗಾಜಿನ ಪೆಟ್ಟಿಗೇಲಿ ಇಡ್ತೀವಿ."

ಟಪಾಲಣ್ಣ ಕೈ ಮುಗಿದ. "ಅಮ್ಮಾ, ತಪ್ಪಾಯ್ತು. ಅದು ಬಟ್ಟೆ ಒಗೆಯೋ ಕಲ್ಲು. ನಾನೇ ಎಳೆದು ತಂದದ್ದು. ದೇವರಾಣೆ!"

ಮೇಡಂ ಅವನ ಕೈ ಹಿಡಿದು ಮೆಲ್ಲಗೆ ನಕ್ಕರು. "ಬಿಟ್ಟುಕೊಡೋಕೆ ಮನಸ್ಸು ಬರ್ತಿಲ್ಲ, ಅರ್ಥ ಆಗುತ್ತೆ. ಇಷ್ಟು ಚೆನ್ನಾಗಿ ಬರೆದ ಕೈ ಸುಳ್ಳು ಬರೆಯುತ್ತಾ? ನೀವು ಯಾವಾಗ ಬೇಕಾದ್ರೂ ಬಂದು ನೋಡಬಹುದು."

"ಕೂತ್ಕೋಬಹುದಾ?"

"ಮುಟ್ಟೋ ಹಾಗೂ ಇಲ್ಲ."

ಹಳೆಯ ಕಂಬಳಿಯಲ್ಲಿ ಸುತ್ತಿ, ಎಂಟು ಜನ ಎತ್ತಿ, ಬೆಂಚನ್ನು ಲಾರಿಗೇರಿಸಿದರು. ಕಾರು ಹತ್ತುವ ಮುನ್ನ ಮೇಡಂ ತಿರುಗಿ ಹೇಳಿದರು: "ಅಲ್ಲಾ, ನೋಟೀಸು ಪೂರ್ತಿ ಓದಿಯೂ ಇಷ್ಟು ಶ್ರಮಪಟ್ಟು ಚರಿತ್ರೆ ಬರೆದ್ರಲ್ಲ, ಎಂಥಾ ಅಭಿಮಾನ ನಿಮ್ಮದು!"

ಪೂರ್ತಿ? ಟಪಾಲಣ್ಣ ಕಂಬದತ್ತ ನಡೆದ. ದರ್ಜಿ ಅದಾಗಲೇ ಮೆಲ್ಲನೆ ಮನೆಯ ದಾರಿ ಹಿಡಿದಿದ್ದ. ಟಪಾಲಣ್ಣ 'ಹಳೆಯ ಕೋಟು' ಚೀಟಿಯ ತುದಿ ಹಿಡಿದು ಎಳೆದ. ಅದರಡಿ ನೋಟೀಸಿನ ಇನ್ನೊಂದು ಸಾಲಿತ್ತು.

"ಏನಂತಪ್ಪಾ ಅದು?" ಬೇಕರಿಯ ಮುದುಕಿ ಕೇಳಿದಳು. "ನಂಗೆ ಓದೋಕೆ ಬರಲ್ಲ. ಓದಿ ಹೇಳು."

ಎಷ್ಟೋ ವರ್ಷದ ಮೇಲೆ ಜನ ಅವನ ಸುತ್ತ ನೆರೆದರು. ಟಪಾಲಣ್ಣ ಗಂಟಲು ಸರಿಮಾಡಿಕೊಂಡು, ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ ಓದಿದ: "'ಕಾಮಗಾರಿ ಮುಗಿದ ಮೂರನೆಯ ದಿನ ಬೆಂಚನ್ನು ಅದೇ ಜಾಗದಲ್ಲಿ ಮರಳಿ ಇಡಲಾಗುವುದು.'"

ಓದಿ ಮುಗಿಸಿ, ಅಭ್ಯಾಸಬಲದಿಂದ, ಪಕ್ಕದಲ್ಲಿ ಜಾಗ ಕೊಡಲು ತುಸು ಸರಿದ. ಸರಿದದ್ದಷ್ಟೇ. ಎಲ್ಲರೂ ನಿಂತೇ ಇದ್ದರು.