ಫ್ಯೂಸಪ್ಪನ ಮೌನಿ ಪೆಟ್ಟಿಗೆ

ಕುಂಯ್‌ಯ್‌ಯ್...

ಬೆಳಗಿನಿಂದ ಹೆಂಡತಿಯ ಕಿವಿಗೆ ಸೂಜಿಯಂತೆ ಇಳಿಯುತ್ತಿದ್ದ ಆ ಸದ್ದು, ಅದನ್ನು ಹುಟ್ಟಿಸಿದ ಫ್ಯೂಸಪ್ಪನಿಗೆ ಮಾತ್ರ ಕೇಳಿಸುತ್ತಿರಲಿಲ್ಲ.

"ಸದ್ದಾ? ಎಲ್ಲಿ ಸದ್ದು?" ಎಂದು ಅವನು ಎದೆಯುಬ್ಬಿಸಿದ. "ಜಗತ್ತಿನಲ್ಲೇ ಅತಿ ಮೌನಿಯಾದ ಪವರ್ ಸಪ್ಲೈ ಕಣೇ ಇದು! ಇದರ ಮುಂದೆ ಕಲ್ಲುಬಂಡೆಯೂ ಬಾಯಿಬಡಕ!"

ಪ್ರಯೋಗ ನಡೆಸಿದಾಗಲೆಲ್ಲ ಮನೆಯ ದೀಪ ಆರಿಸಿದ ಕೀರ್ತಿಗಾಗಿ ಬೀದಿಯವರು ಅವನಿಗಿಟ್ಟ ಬಿರುದು ಫ್ಯೂಸಪ್ಪ. ಈಗ ಅವನ ಮೇಜಿನ ಮೇಲಿದ್ದುದು ಊಟದ ಡಬ್ಬಿಯಷ್ಟೇ ದೊಡ್ಡದಾದ ಕಂಪ್ಯೂಟರ್ ಪೆಟ್ಟಿಗೆ. ಅಂಗಡಿಯಲ್ಲಿ ಸಿಗುವ, ಕಂಪ್ಯೂಟರಿಗೆ ಕರೆಂಟ್ ಉಣಿಸುವ ಪವರ್ ಸಪ್ಲೈಗಳು ಇಟ್ಟಿಗೆಯಂಥವು, ಅದರೊಳಗೆ ತೂರಲಾರವು. ಫ್ಯೂಸಪ್ಪ ತಂಪಾಗಿಸುವ ಫ್ಯಾನನ್ನೇ ಕೈಬಿಟ್ಟು, ತಂತಿಯ ಕಾಯಿಲ್‌ಗಳನ್ನು ತಾನೇ ಸುತ್ತಿ, ಬಿಸ್ಕತ್ತಿನ ಪೊಟ್ಟಣದಂಥದ್ದೊಂದನ್ನು ಕಟ್ಟಿ ಕೂರಿಸಿದ್ದ. ಅದಕ್ಕಾಗಿ ಕಾರ್ಖಾನೆಯ ಕೆಲಸ ಬಿಟ್ಟು, ಮ್ಯಾನೇಜರಿಗೆ "ನಿಮ್ಮ ಸಹವಾಸ ಸಾಕು" ಎಂದು ಬೇರೆ ಹೇಳಿ ಬಂದಿದ್ದ.

ಆ ಕಂಪ್ಯೂಟರ್ ಪೆಟ್ಟಿಗೆ ತಯಾರಿಸುವ ಮೇಡಂ ಮಧ್ಯಾಹ್ನ ಬರುವವರಿದ್ದರು. ಅವರ ಗಿರಾಕಿಗಳೆಲ್ಲ ಹಾಡು, ಮಾತು ರೆಕಾರ್ಡ್ ಮಾಡುವವರು. ಷರತ್ತು ಒಂದೇ: ಸದ್ದು ಇರಕೂಡದು. ಒಪ್ಪಿದರೆ ಸ್ವಂತ ಉದ್ಯಮ. ಇಲ್ಲದಿದ್ದರೆ ಹಲ್ಲು ಗಿಂಜುತ್ತ ಮತ್ತೆ ಅದೇ ಮ್ಯಾನೇಜರ ಮುಂದೆ!

"ಮೀಟರಿನಲ್ಲಿ ಎಲ್ಲಾ ಸರಿಯಾಗಿದೆ," ಎಂದ.

"ಮೀಟರಿಗೆ ಕಿವಿ ಇದ್ಯಾ?"

"ನಿನಗೆ ಮೊದಲಿಂದ್ಲೂ ಇದು ಸವತಿ!"

"ಸವತಿಯಾಗಿದ್ರೆ ಉಸಿರಾಡೋಕಾದ್ರೂ ಬಾಯಿ ಮುಚ್ತಿದ್ಲು. ಹೋಗ್ಲಿ, ಅಟ್ಟದಿಂದ ದೊಡ್ಡ ಕುಕ್ಕರ್ ಇಳಿಸ್ಕೊಡಿ ಅಂತ ಬೆಳಗಿಂದ ನಾನು ಬಡ್ಕೊಳ್ತಿರೋದೇ ಕೇಳಿಸದೋರಿಗೆ ಇದೆಲ್ಲಿ ಕೇಳ್ಬೇಕು?"

ಫ್ಯೂಸಪ್ಪ ಸಾಕ್ಷಿಗಾಗಿ ಪತ್ರಿಕೆ ಓದುತ್ತಿದ್ದ ಮಾವನ ಬಳಿ ಹೋಗಿ ಕೂಗಿದ: "ಮಾವ, ಏನಾದ್ರೂ ಸದ್ದು ಬರ್ತಿದ್ಯಾ?"

"ಛೇ ಛೇ! ಸೂಜಿ ಬಿದ್ರೂ ಕೇಳ್ಬೇಕು ಅಳಿಯಂದ್ರೇ, ಅಷ್ಟು ಪ್ರಶಾಂತ!"

ಆಗ ತಾನೇ ಬೀದಿಯಲ್ಲಿ ಲಾರಿಯೊಂದು ಗಂಟಲು ಹರಿಯುವಂತೆ ಹಾರ್ನ್ ಹೊಡೆದು ಹೋಗಿತ್ತು.

ಹೆಂಡತಿ ಒಳಗಿನಿಂದ ಅಪ್ಪನ ಶ್ರವಣಯಂತ್ರ ತಂದು ಅವರ ಕಿವಿಗೆ ಸಿಕ್ಕಿಸಿದಳು. ಮಾವನ ಹುಬ್ಬು ಮೆಲ್ಲಗೆ ಮೇಲೇರಿತು.

"ಅಳಿಯಂದ್ರೇ, ಪೆಟ್ಟಿಗೆಯೊಳಗೆ ಸೊಳ್ಳೆ ಏನಾದ್ರೂ ಸಿಕ್ಕಿಹಾಕ್ಕೊಂಡಿದೆಯಾ?"

ಫ್ಯೂಸಪ್ಪ ಕುಸಿದು ಕೂತ. ಕಾರ್ಖಾನೆಯ ಯಂತ್ರಗಳು ಇಷ್ಟು ವರ್ಷ ಅವನ ಕಿವಿಯಿಂದ ಸಣ್ಣ ಸದ್ದುಗಳನ್ನೆಲ್ಲ ಒಂದೊಂದಾಗಿ ಆಯ್ದು ತಿಂದಿದ್ದವು. ಸೊಳ್ಳೆಯ ಹಾಡು ಕೇಳಿ ಎಷ್ಟು ಕಾಲವಾಯಿತು! ನಮ್ಮ ಮನೆಯಲ್ಲಿ ಸೊಳ್ಳೆಯೇ ಇಲ್ಲವೆಂದು ಊರೆಲ್ಲ ಜಂಬ ಕೊಚ್ಚಿಕೊಂಡಿದ್ದನಲ್ಲ!

"ಮೇಡಂ ಇನ್ನೇನು ಬಂದ್ಬಿಡ್ತಾರೆ," ಎಂದ. ದನಿ ಅರ್ಧವಾಗಿತ್ತು. "ಯಾವ ಕಾಯಿಲ್ ಕೂಗ್ತಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ನಾನೇನು ಸತ್ತಿದ್ದೀನಾ?" ಎಂದಳು ಹೆಂಡತಿ. "ಸದ್ದಿದ್ರೆ ಕೈ ಎತ್ತಿರ್ತೀನಿ. ನಿಂತ್ರೆ ಇಳಿಸ್ತೀನಿ. ನೀವು ಒತ್ತಿ ನೋಡಿ."

ಅವನು ಮರದ ಸೌಟಿನ ಹಿಡಿಯಿಂದ ಒಂದು ಕಾಯಿಲನ್ನು ಒತ್ತಿದ. ಹೆಂಡತಿಯ ಕೈ ಮೇಲೇ ಇತ್ತು. ಮುಂದಿನದನ್ನು ಒತ್ತಿದ. ಮೇಲೇ! ಬೆವರು ಮೂಗಿನ ತುದಿಗೆ ಬಂತು. ಮೂಲೆಯ ಪುಟಾಣಿ ಕಾಯಿಲಿಗೆ ಸೌಟು ತಗುಲಿದ್ದೇ ತಡ, ಕೈ ಮೆತ್ತಗೆ ಇಳಿಯಿತು, ನಿದ್ದೆ ಬಂದ ಮಗುವಿನ ರೆಪ್ಪೆಯಂತೆ.

"ತಂತಿ ಸಡಿಲವಾಗಿ ನಡುಗ್ತಿದೆ! ಅಂಟಿಸ್ಬೇಕು. ವಾರ್ನಿಷ್... ವಾರ್ನಿಷ್ ಖಾಲಿ!"

ಪ್ಲಗ್ ಕಿತ್ತು ಅವನು ಕಂಗಾಲಾಗಿ ನಿಂತಿದ್ದಾಗ ಹೆಂಡತಿ ತನ್ನ ಉಗುರುಬಣ್ಣದ ಸೀಸೆ ಮುಂದೆ ಹಿಡಿದಳು. ಕಡುಗೆಂಪು. ಮಾರ್ಕೆಟ್ಟಿನ ಯಾವ ಕಾಯಿಲೂ ಕಾಣದ ಸಿಂಗಾರ ಅದಕ್ಕಾಯಿತು. ಬಣ್ಣ ಒಣಗಿತೋ ಇಲ್ಲವೋ, ಬಾಗಿಲ ಗಂಟೆ ಮೊಳಗಿತು!

ಮೇಡಂ ಬಂದವರೇ ಮುಚ್ಚಳಕ್ಕೆ ಕಿವಿಯಿಟ್ಟರು. ಫ್ಯೂಸಪ್ಪ ಸ್ವಿಚ್ ಒತ್ತಿ, ಬಾಗಿಲಲ್ಲಿ ನಿಂತ ಹೆಂಡತಿಯ ಕೈಯನ್ನೇ ನೋಡುತ್ತ ಉಸಿರು ಹಿಡಿದ. ಕೈ ಕೆಳಗಿತ್ತು. ಇನ್ನೂ ಕೆಳಗೇ ಇತ್ತು. ಇದ್ದಕ್ಕಿದ್ದಂತೆ ಮೇಲೆದ್ದಿತು! ಫ್ಯೂಸಪ್ಪನಿಗೆ ಮ್ಯಾನೇಜರ ಮುಖವೇ ಕಣ್ಣಮುಂದೆ ಬಂತು.

ಅವಳು ಹಣೆಯ ಕೂದಲನ್ನು ಹಿಂದೆ ಸರಿಸಿಕೊಂಡು, ಕೈ ಇಳಿಸಿದಳು.

"ಸದ್ದೇ ಇಲ್ಲ!" ಮೇಡಂ ತಲೆಯೆತ್ತಿದರು. "ಇದನ್ನ ನಮಗೇ ಮಾಡಿಕೊಡಿ. ಅಂದ ಹಾಗೆ, ಪರೀಕ್ಷೆಗೆ ಯಾವ ಯಂತ್ರ ಇಟ್ಟಿದ್ದೀರಿ?"

"ಅದು ನಾನೇ ಸ್ವತಃ..." ಎಂದು ಫ್ಯೂಸಪ್ಪ ಎದೆಯುಬ್ಬಿಸುವಷ್ಟರಲ್ಲಿ,

"ನನ್ನ ಮಗಳು!" ಎಂದರು ಮಾವ. ಶ್ರವಣಯಂತ್ರ ಇನ್ನೂ ಕಿವಿಯಲ್ಲೇ ಇತ್ತು.

"ಹಾಗಾದ್ರೆ ಒಂದೊಂದನ್ನೂ ಅವರೇ ಕೇಳಿ ಪಾಸ್ ಮಾಡ್ಲಿ. ಅವರು ಒಪ್ಪದ್ದು ನಮಗೂ ಬೇಡ."

"ಮಾಡ್ತೀನಿ," ಎಂದಳು ಹೆಂಡತಿ. "ಆದ್ರೆ ನಾನು ಕರೆದದ್ದನ್ನ ಕೇಳಿಸ್ಕೊಳ್ಳೋರು ಯಾರು?"

"ಸಣ್ಣ ಸದ್ದು ನನ್ನ ಕಿವಿಗೆ ಬೀಳಲ್ಲ ಅಂತ ಈಗ ನೀನೇ ನೋಡಿದ್ಯಲ್ಲ..."

"ನಾನು ಕುಂಯ್ ಅನ್ನಲ್ಲ ರೀ, ಮಾತಾಡ್ತೀನಿ," ಎಂದು ಅವಳು ಒಳಗೆ ಹೋದಳು.

ಮೇಡಂ ಕುರ್ಚಿ ಹತ್ತಿರ ಎಳೆದುಕೊಂಡರು. "ಈಗ ಮುಖ್ಯವಾದ ವಿಷಯ. ಮೊದಲ ಕಂತಿನ ಪವರ್ ಸಪ್ಲೈಗಳನ್ನ ನೀವು ನಮಗೆ..."

"ರೀ," ಎಂದಿತು ಅಡುಗೆಮನೆ. ಒಂದೇ ಸಲ, ಮೆಲ್ಲಗೆ.

ಫ್ಯೂಸಪ್ಪ ದಡಕ್ಕನೆ ಎದ್ದ. ಮೇಡಂ ಮಾತು ಮುಗಿಸುವ ಮೊದಲೇ ಮೂಲೆಯ ಸ್ಟೂಲನ್ನು ಎತ್ತಿಕೊಂಡು, ದೊಡ್ಡ ಕುಕ್ಕರಿದ್ದ ಅಟ್ಟದ ಕಡೆ ನಡೆದೇಬಿಟ್ಟ.