ಹಳೇ ಕಟ್ಟಡಕ್ಕೆ ಹೊಸ ಬಣ್ಣ

ದೊಡ್ಡವರು ಬರುವ ಮುಂಚೆ ಅಂಗಳ ಗುಡಿಸುವುದು ತಪ್ಪೇ? ದರ್ಜಿಯಣ್ಣ ಅಂದು ಬೆಳಗ್ಗೆ ಹೇಳಿದ್ದೂ ಅಷ್ಟೇ: "ಆಫೀಸರು ಬರ್ತಾರೆ, ಕಟ್ಟಡ ಒಂಚೂರು ಚೊಕ್ಕಟ ಮಾಡೋಣ."

ಕಳೆದ ಶತಮಾನ ಇನ್ನೂ ಅಂಬೆಗಾಲಿಡುತ್ತಿದ್ದಾಗ ಗಿರಣಿ ಕೆಲಸದವರ ಸಂಸಾರಗಳಿಗೆಂದು ಎದ್ದ ಕೆಂಪು ಇಟ್ಟಿಗೆಯ ಕಟ್ಟಡವದು. ಕಾಪಾಡುವಷ್ಟು ಹಳೆಯದೆಂದು ಪುರಾತತ್ವ ಇಲಾಖೆಯ ಆಫೀಸರು ಒಪ್ಪಿದರೆ ಉಳಿಯುತ್ತದೆ, ಇಲ್ಲವಾದರೆ ನೆಲಸಮ. ದರ್ಜಿಯಣ್ಣನ ಅಂಗಡಿಯಿದ್ದದ್ದು ಅದರ ಮೆಟ್ಟಿಲ ಕೆಳಗಿನ ಹಲಗೆ ಗೂಡಿನಲ್ಲಿ. ಕಟ್ಟಡ ಬಿದ್ದರೆ ಹೊಲಿಗೆ ಯಂತ್ರ ತಲೆ ಮೇಲೆ ಹೊತ್ತು ತಿರುಗಬೇಕು.

ಅವನ ಮಾತು ಮಹಡಿ ಹತ್ತುತ್ತ ಹತ್ತುತ್ತ ಬೆಳೆಯಿತು. ಮೊದಲ ಮಹಡಿಯ ಅಜ್ಜಿ ಮುಂಗೋಡೆಯ ಪಾಚಿ ಉಜ್ಜಿಸಿದಳು. ಪಾಚಿ ಹೋದದ್ದೇ ಇಟ್ಟಿಗೆಗಳು ಹಲ್ಲು ಕಿರಿದವು. ಎರಡನೇ ಮಹಡಿಯ ನಿವೃತ್ತ ಮೇಷ್ಟ್ರು ಸಂದುಗಳಿಗೆ ಸಿಮೆಂಟು ಮೆತ್ತಿಸಿದರು. "ಮುಖ ತೊಳೆದ್ಮೇಲೆ ಪೌಡರ್ ಹಚ್ಚದೆ ಬಿಡ್ತಾರೇನ್ರೀ?" ಎಂದು ಮೂರನೇ ಮಹಡಿಯ ಪೇಂಟರ್ ಮಾವ ಮನೆಯಲ್ಲಿದ್ದ ಹಸಿರು ಬಣ್ಣವನ್ನೆಲ್ಲ ತಂದು ಸುರಿದ. ಸಂಜೆಯ ಹೊತ್ತಿಗೆ ಕಟ್ಟಡ ಸ್ನಾನ ಮಾಡಿದ ಗಿಳಿಯ ಹಾಗೆ ಮಿಂಚುತ್ತಿತ್ತು.

ಆಫೀಸರು ಬಂದವರೇ ಅದರ ಮುಂದೆ ನಿಂತು, "ಹಳೇ ಇಟ್ಟಿಗೆ ಕಟ್ಟಡ ಎಲ್ಲಮ್ಮಾ?" ಎಂದು ಅಜ್ಜಿಯನ್ನು ಕೇಳಿದರು.

"ಇದೇ ಅಲ್ವೇನಪ್ಪಾ! ಮುಟ್ಬೇಡ, ಇನ್ನೂ ಒಣಗಿಲ್ಲ."

"ಇದು ಹಳೇದಾ? ಯಾರಿಗೆ ಟೋಪಿ ಹಾಕ್ತೀರಿ?" ಆಫೀಸರು ತಿರುಗಿ ಹೊರಟೇಬಿಟ್ಟರು.

"ಚೊಕ್ಕಟ ಮಾಡೋಣ ಅಂದೋನು ಇವನೇ!" ಎಂದು ಮೇಷ್ಟ್ರು ದರ್ಜಿಯಣ್ಣನ ಕಡೆ ಬೆರಳು ತೋರಿದರು.

ದರ್ಜಿಯಣ್ಣ ದೇವರ ಮೇಲೆ ಭಾರ ಹಾಕಿ ಆಫೀಸರ ಹಿಂದೆ ಓಡಿದ. "ಸಾರ್, ಅಂಗಿ ನೋಡಿ ವಯಸ್ಸು ಹೇಳ್ಬೇಡಿ! ಒಳಗೆ ಒಂದ್ಸಲ ಬನ್ನಿ."

ಒಳಗಿದ್ದದ್ದು ಮರದ ಮೆಟ್ಟಿಲು. ಪಾಳಿಗೆ ಓಡಿದವರು, ಬಸುರಿಯರು, ನೀರು ಹೊತ್ತವರು ತುಳಿದೂ ತುಳಿದೂ ಒಂದೊಂದು ಮೆಟ್ಟಿಲೂ ನಡುವೆ ತಟ್ಟೆಯಂತೆ ಕುಳಿಬಿದ್ದಿತ್ತು. ಆಫೀಸರು ಬಗ್ಗಿ ಅಂಗೈಯಿಂದ ಸವರಿದರು. ಅವರ ದನಿ ಮೆತ್ತಗಾಯಿತು.

"ಇದು ಸುಳ್ಳು ಹೇಳಲ್ಲ. ಹೆದರ್ಬೇಡಿ, ಕಟ್ಟಡ ಉಳೀತು."

ಹೋ ಎಂದು ಕೂಗು ಎದ್ದಿತು. ಅಜ್ಜಿ ಹಸಿರು ಕೈಯಿಂದಲೇ ದರ್ಜಿಯಣ್ಣನ ತಲೆ ನೇವರಿಸಿದಳು.

"ಇಂಥಾ ಮೆಟ್ಟಿಲನ್ನ ಜನ ಕೆಳಗಿಂದ್ಲೂ ನೋಡ್ಬೇಕು," ಎಂದರು ಆಫೀಸರು. "ಈ ಹಲಗೆ ಗೂಡು ಆಮೇಲೆ ಸೇರಿಸಿದ್ದಲ್ವಾ? ನಾಳೇನೇ ತೆಗೆಸಿ."

"ಅದು ನನ್ನ ಅಂಗಡಿ, ಸಾರ್..."

"ಹೌದಾ! ಮೆಟ್ಟಿಲು ತೋರಿಸಿ ಪುಣ್ಯ ಕಟ್ಕೊಂಡ್ರಿ!"

ಮರುದಿನ ಹೊಲಿಗೆ ಯಂತ್ರ ಅಂಗಳಕ್ಕೆ ಬಂತು. ಗಾಳಿ ಇತ್ತು, ಬೆಳಕಿತ್ತು, ಸೂಜಿಗೆ ದಾರ ಒಂದೇ ಸಲಕ್ಕೆ ಹೊಕ್ಕಿತು. ದೇವರು ದೊಡ್ಡವನು ಎಂದುಕೊಂಡು ದರ್ಜಿಯಣ್ಣ ಪೆಡಲ್ ತುಳಿಯುವಷ್ಟರಲ್ಲಿ ಮೂರೂ ಮಹಡಿಯ ಕಿಟಕಿಗಳು ತೆರೆದವು.

"ಅಣ್ಣಾ, ತೋಳು ಉದ್ದ ಆಯ್ತು!"

"ಕಾಲರ್ ಸೊಟ್ಟಗಿದೆ ಕಣಯ್ಯಾ!"

"ಆ ಬಟ್ಟೆಗೆ ಹಸಿರು ದಾರ ಹಾಕೋ, ಲಕ್ಷಣವಾಗಿರುತ್ತೆ!"