ಕುರಿಸಂತೆಗೆ ಬ್ಲಾಕ್‌ಚೈನ್ ತಂದ ಮಾವ

ನಮ್ಮ ಸೋದರಮಾವನ ತಲೆ ಕೆಟ್ಟಿದೆ ಎಂದು ಹೊನ್ನಾಳಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಕೆಡುವುದಕ್ಕೆ ಅದು ಒಂದು ದಿನವಾದರೂ ನೆಟ್ಟಗಿರಬೇಕಲ್ಲ!

ಬಿಳಿಚೋಡಿನಲ್ಲಿ ನಮ್ಮವ್ವ ಕುರಿ ಸಾಕುತ್ತಾಳೆ. ಕುರಿಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿಯೇ ವ್ಯಾಪಾರ. ಹೆಂಗಸರು ಪರಗಂಡಸಿನ ಕೈ ಹಿಡಿಯುವುದುಂಟೆ? ಹಾಗಾಗಿ ಅಪ್ಪ ತೀರಿಕೊಂಡ ಮೇಲೆ ಅವ್ವ ಮತ್ತು ಮಗಳಾದ ನಾನು ದೂರ ಕೂರುವುದು, ಹೊನ್ನಾಳಿಯಿಂದ ಬಂದ ಮಾವ ಕೈ ಚಾಚುವುದು.

ಆದರೆ ಮಾವನಿಗೆ ವಿಪರೀತ ಕಚಗುಳಿ. ವ್ಯಾಪಾರಿ ಬೆರಳು ಮುಟ್ಟಿದ ಕೂಡಲೇ ಕಿಸಕ್ಕನೆ ನಗುತ್ತಿದ್ದ. ನಕ್ಕರೆ ಒಪ್ಪಿಗೆ ಎಂದೇ ಲೆಕ್ಕ! ಕೊಬ್ಬಿದ ಟಗರು ಬಡಕಲು ಮರಿಯ ಬೆಲೆಗೆ ಹೋಗುತ್ತಿತ್ತು. ಅವ್ವ ಏನೂ ಅನ್ನುತ್ತಿರಲಿಲ್ಲ. ಅದೇ ಅವನಿಗೆ ದೊಡ್ಡ ಸಂಕಟ.

ಈ ಸಲ ಬಸ್ಸಿನಲ್ಲಿ ಯಾವುದೋ ವಿಡಿಯೋ ನೋಡುತ್ತ ಬಂದವನು ಬಾಗಿಲಲ್ಲೇ ಶುರುಮಾಡಿದ. "ಅಕ್ಕಾ, ಬ್ಲಾಕ್‌ಚೈನ್ ಅಂತ ಐತೆ. ಎಲ್ಲರ ವ್ಯವಹಾರ ಎಲ್ಲರಿಗೂ ಗೊತ್ತಿರತೈತೆ, ಯಾರಿಗೂ ಅಳಿಸಾಕೆ ಆಗಲ್ಲ."

"ನಮ್ಮೂರ ನಲ್ಲಿ ಹತ್ರ ಅದು ಮೊದ್ಲಿಂದ ಐತಲ್ಲೋ," ಎಂದಳು ಅವ್ವ.

ಮಾವ ಬಿಡಲಿಲ್ಲ. ಸಂತೆಗೆ ಹೋದವನೇ ಅವ್ವನ ಕುರಿಗಳ ವ್ಯಾಪಾರಕ್ಕೆ ಟವೆಲ್ ನಿಷೇಧಿಸಿದ. ವ್ಯಾಪಾರಿಗಳು ಬೆಲೆಯನ್ನು ಗಟ್ಟಿಯಾಗಿ ಕೂಗಬೇಕು, ಸುತ್ತ ನಿಂತವರೆಲ್ಲ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕು. ಕಂಪ್ಯೂಟರೇ ಇಲ್ಲದ ಬ್ಲಾಕ್‌ಚೈನ್! "ಇನ್ನು ಪೈಪೋಟಿ ನೋಡ್ರಿ," ಎಂದು ಮೀಸೆ ತಿರುವಿದ.

ಮೊದಲ ವ್ಯಾಪಾರಿ ನಮ್ಮ ಟಗರಿಗೆ ಒಂದು ಬೆಲೆ ಕೂಗಿದ. ಎರಡನೆಯವನು "ನಂದೂ ಅಷ್ಟೇ" ಎಂದ. ಮೂರನೆಯವನು "ನಂದೇನು ಬ್ಯಾರೆ ಐತಾ?" ಎಂದ. ಟವೆಲ್ಲಿನ ಮರೆಯಲ್ಲಾದರೆ ಒಬ್ಬನಿಗೆ ಗೊತ್ತಾಗದಂತೆ ಇನ್ನೊಬ್ಬ ತುಸು ಏರಿಸುತ್ತಿದ್ದ. ಈಗ ಎಲ್ಲರ ಕಣ್ಣೆದುರು ಏರಿಸಿ ಉಳಿದವರ ಕೆಂಗಣ್ಣಿಗೆ ಯಾರು ಗುರಿಯಾಗುತ್ತಾರೆ? ಪೈಪೋಟಿಯನ್ನು ಮಾವ ಕೈಯಾರೆ ಕೊಂದಿದ್ದ.

"ನೀವೆಲ್ಲ ಸೇರ್ಕೊಂಡು ಒಂದೇ ರೇಟು ಮಾಡೀರಿ. ಇದಕ್ಕೆ ಕಾನೂನು ಐತೆ, ಕೇಸ್ ಹಾಕ್ತೀನಿ," ಎಂದು ಹಾರಾಡಿದ.

"ಹಾಕ್ರಿ. ನಾವೇನು ಕದ್ದು ಮಾತಾಡಿದ್ವಾ? ಎಲ್ಲಾ ನಿಮ್ಮ ಮೊಬೈಲಾಗೇ ಐತಲ್ಲ," ಎಂದ ಮೊದಲ ವ್ಯಾಪಾರಿ.

ಸಂತೆಯೆಲ್ಲ ನಕ್ಕಿತು. ನಾನೂ ನಗಲು ಹೋದೆ, ಮಾವನ ಮುಖ ನೋಡಿ ಆಗಲಿಲ್ಲ. ಅಕ್ಕನ ಕುರಿಗೆ ಒಮ್ಮೆಯಾದರೂ ಸರಿಯಾದ ಬೆಲೆ ಸಿಗಲಿ ಎಂದೇ ತಾನೆ ಪಾಪ, ಅವನು ಹೀಗೆ ನಗೆಪಾಟಲಾದದ್ದು?

ಆಗ ಅವ್ವ ಎದ್ದಳು. ತಮ್ಮನ ಹೆಗಲ ಮೇಲಿನ ಟವೆಲ್ ಎಳೆದುಕೊಂಡು, ತನ್ನ ಕೈ ಮುಚ್ಚಿ, ಮೊದಲ ವ್ಯಾಪಾರಿಯ ಮುಂದೆ ಚಾಚಿದಳು.

"ಹೆಣ್ಮಕ್ಳ ಕೈ ಹೆಂಗೆ ಹಿಡೀಲವ್ವಾ?"

"ನಿಮ್ಮವ್ವನ ಕೈ ಹಿಡಿದೇ ನಡೆಯಾಕೆ ಕಲ್ತೋನು ನೀನು. ಹಿಡಿ."

ಹಿಡಿದ. ಉಳಿದ ವ್ಯಾಪಾರಿಗಳು ಕತ್ತು ಉದ್ದ ಮಾಡಿದರು. ಅವ್ವ ತಲೆ ಅಡ್ಡಡ್ಡ ಆಡಿಸಿ ಎರಡನೆಯವನತ್ತ ತಿರುಗಿದಳು, ಆಮೇಲೆ ಮೂರನೆಯವನತ್ತ. ಅವರು ಮೊದಲು ಕೂಗಿದ್ದಕ್ಕಿಂತ ಎಷ್ಟೋ ಹೆಚ್ಚಿನ ಬೆಲೆಗೆ ಟಗರು ಹೋಯಿತು.

ಮಾವ ತಲೆ ತಗ್ಗಿಸಿ, "ನನ್ನಿಂದ ಏನೂ ಆಗ್ಲಿಲ್ಲಕ್ಕಾ," ಎಂದ.

ಅವ್ವ ಸೆರಗಿನಿಂದ ಅವನ ಮುಖ ಒರೆಸಿದಳು. "ನೀನು ಇಷ್ಟು ಗದ್ಲ ಎಬ್ಬಿಸಿದ್ದಕ್ಕೇ ನಂಗೆ ಎದ್ದು ನಿಲ್ಲಾಕೆ ಧೈರ್ಯ ಬಂತು ಕಣಪ್ಪಾ," ಎಂದಳು.